ಕುದಿಸಿದ ಕೊಳಲು

ನಾನು ಹುಟ್ಟಿ ಬೆಳೆದ ಮನೆಯನ್ನು ನೆನೆದರೆ ನನಗೆ ಮೊದಲು ಬರುವುದು ಓಕರಿಕೆ. ಬಾಲ್ಯದ ಮನೆಯ ಬಗ್ಗೆ ಬರೆಯುವವರೆಲ್ಲ ಒಗ್ಗರಣೆಯ ಘಮ, ಅಜ್ಜಿಯ ಸೆರಗಿನ ಘಮ ಎಂದು ಬರೆದು ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮ ಮನೆಗೆ ಇದ್ದದ್ದು ಬೆಂದ ಹುಳದ ವಾಸನೆ. ಶಿಡ್ಲಘಟ್ಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆಯವರಿಗೆ ಎಷ್ಟು ವಿವರಿಸಿದರೂ ಮೂಗಿಗೆ ಹತ್ತುವುದಿಲ್ಲ. ಆದರೂ ಹೇಳುತ್ತೇನೆ. ಮನೆ ಉದ್ದಕ್ಕೆ ಇತ್ತು. ಬೀದಿಗೆ ಒಂದು ಕೋಣೆ, ಅದರ ಹಿಂದೆ ಪಡಸಾಲೆ, ಆಮೇಲೆ ಅಡುಗೆಮನೆ, ಅಂಗಳ, ಅಂಗಳದಾಚೆ ಶೀಟು ಹೊದಿಸಿದ ಶೆಡ್ಡು. ಆ ಶೆಡ್ಡಿನಲ್ಲಿ ಅಪ್ಪ ರೇಷ್ಮೆ ನೂಲು ತೆಗೆಸುತ್ತಿದ್ದರು. ಗೂಡುಗಳನ್ನು ಹಂಡೆಯ ಕುದಿನೀರಿಗೆ ಹಾಕುವುದು, ಬೆಂದ ಗೂಡಿನ ಎಳೆ ಹಿಡಿದು ಚಕ್ರಕ್ಕೆ ಸುತ್ತುವುದು, ಎಳೆಯೆಲ್ಲ ಮುಗಿದ ಮೇಲೆ ನೀರಿನಲ್ಲಿ ಉಳಿಯುವ ಕಂದು ಬಣ್ಣದ ಊದಿದ ಹುಳವನ್ನು ಬಾಚಿ ಮೂಲೆಗೆ ಗುಡ್ಡೆ ಹಾಕುವುದು. ಎಣ್ಣೆ ತೆಗೆಯುವವರು ಬಂದು ಆ ಗುಡ್ಡೆಯನ್ನು ಒಯ್ಯುವವರೆಗೆ ಅದು ಅಲ್ಲೇ ಕೊಳೆಯುತ್ತಿತ್ತು. ಬೇಸಿಗೆಯಲ್ಲಿ ಅವರು ಎರಡು ದಿನ ತಡ ಮಾಡಿದರೆ ದೇವರಮನೆಯ ಊದುಬತ್ತಿಯ ಹೊಗೆಗೂ ಅದೇ ವಾಸನೆ ಬರುತ್ತಿತ್ತು. ನನ್ನ ಜಡೆಗೆ, ಸ್ಕೂಲಿನ ಚೀಲಕ್ಕೆ, ಮಡಿಸಿಟ್ಟ ಲಂಗಕ್ಕೆ ಎಲ್ಲಕ್ಕೂ ಅದೇ. ಅವರೆಕಾಯಿ ಕಾಲದಲ್ಲಿ ಅಮ್ಮ ಹಿದುಕಿದಬೇಳೆ ಸಾರು ಮಾಡಿದರೆ ಊರೆಲ್ಲ ಚಪ್ಪರಿಸುವಾಗ ನಾನು ಬಟ್ಟಲಲ್ಲಿ ತೇಲುವ ಆ ನುಣ್ಣನೆ ಬೇಳೆಗಳನ್ನು ನೋಡಿ, ಶೆಡ್ಡಿನ ಮೂಲೆಯನ್ನು ನೆನೆದು, ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಮುದ್ದೆ ನುಂಗುತ್ತಿದ್ದೆ. ಅಜ್ಜಿಗೆ ಅದು ಕಂಡರೆ ಆಗುತ್ತಿರಲಿಲ್ಲ.

“ಮೂಗು ಬಿಡೇ. ಆ ವಾಸ್ನೆ ಇಲ್ದಿದ್ರೆ ನಿನ್ ತಟ್ಟೇಲಿ ಈ ಮುದ್ದೆ ಇರ್ತಿರ್ಲಿಲ್ಲ.”

“ನಂಗೆ ವಾಂತಿ ಬರತ್ತೆ ಅಜ್ಜಿ.”

“ಬರ್ಲಿ. ಮಾಡ್ಕೊಂಡು ಬಂದು ಮತ್ತೆ ತಿನ್ನು.”

ಅಜ್ಜಿ ಅಂದರೆ ಅಪ್ಪನ ಅಮ್ಮ. ಮನೆಯ ಯಜಮಾನಿಕೆ ಅವರದೇ. ಅವರಿಗೆ ಹುಳದ ಗುಡ್ಡೆ ಅಸಹ್ಯವಲ್ಲ, ನೊಣ ಅಸಹ್ಯವಲ್ಲ, ಅಂಗಳದ ಚರಂಡಿಯಲ್ಲಿ ನಿಂತ ಕಪ್ಪು ನೀರೂ ಅಲ್ಲ. ಅವರಿಗೆ ಅಸಹ್ಯವಾಗುತ್ತಿದ್ದದ್ದು ಒಂದೇ, ಕಂಡವರ ಎಂಜಲು. ಅದರಲ್ಲೂ ಎಲ್ಲರದ್ದಲ್ಲ. ಶೆಡ್ಡಿನಲ್ಲಿ ಹಂಡೆಯ ಮುಂದೆ ಕೂತು ಕೆಲಸ ಮಾಡುವ ಹೆಂಗಸರು ನಾಲ್ವರು. ಅವರಿಗೆಂದು ನಾಲ್ಕು ಸ್ಟೀಲ್ ಲೋಟ ಶೆಡ್ಡಿನ ಗೋಡೆಯ ಮೊಳೆಗಳಿಗೆ ತೂಗುತ್ತಿದ್ದವು. ಕಾಫಿಯನ್ನು ಅಮ್ಮ ಮೇಲಿನಿಂದ ಸುರಿಯಬೇಕು, ಲೋಟಕ್ಕೆ ಚೊಂಬು ತಗುಲಬಾರದು. ಪ್ರತಿ ಶನಿವಾರ ಆ ಲೋಟಗಳನ್ನು ಗೂಡು ಬೇಯಿಸುವ ಹಂಡೆಗೇ ಹಾಕಿ ಕುದಿಸಿ ತೆಗೆಯಬೇಕು. ನೂಲಿನ ಮನೆಯಲ್ಲಿ ಕುದಿನೀರಿಗೆ ಬರವಿಲ್ಲವಲ್ಲ. ಹುಳ ಬೆಂದ ಆ ನೀರು ಹಂಡೆಯಲ್ಲಿ ಮಡ್ಡಿಯ ಹಾಗೆ ಇರುತ್ತಿತ್ತು. ಅದರಲ್ಲಿ ಅದ್ದಿದ ಲೋಟ ಶುದ್ಧವಾಯಿತೆಂದು ಅಜ್ಜಿ ನಂಬಿದ್ದರು, ನಾವೂ ನಂಬಿದ್ದೆವು. ಅದು ಮೊದಲಿಗಿಂತ ಹೆಚ್ಚು ನಾರುತ್ತದೆ ಎಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕುದಿಸಿದರೆ ಹೋಗುತ್ತದೆ ಅನ್ನುವುದನ್ನು ನಾನು ಅಕ್ಷರ ಕಲಿಯುವ ಮುಂಚೆಯೇ ಕಲಿತಿದ್ದೆ.

ಬೀದಿಯ ಕೋಣೆಗೆ ಬಾಡಿಗೆಗೆ ಹಲ್ಲಿನ ಡಾಕ್ಟರು ಬಂದಾಗ ನನಗೆ ಹತ್ತು ವರ್ಷ. ಅವರು ಚೀನಾದವರು. ಅಂದರೆ ಅವರ ತಾತ ಚೀನಾದವರು, ಅವರು ಹುಟ್ಟಿದ್ದು ಕಲ್ಕತ್ತದಲ್ಲಿ. ಚಿಂತಾಮಣಿಯಲ್ಲಿ ಎಂಟು ವರ್ಷ ಅಂಗಡಿ ಇಟ್ಟಿದ್ದರಿಂದ ತೆಲುಗು ನೀರು ಕುಡಿದಂತೆ ಮಾತಾಡುತ್ತಿದ್ದರು, ಕನ್ನಡವೂ ನಮ್ಮ ಹಾಗೆಯೇ. ಬೋರ್ಡಿನ ಮೇಲೆ ಅವರ ಹೆಸರು ಕೆಂಪು ಬಣ್ಣದಲ್ಲಿ ಇತ್ತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಒಂದು ದಿನವೂ ಓದಿ ಹೇಳಲಿಲ್ಲ. ಎಲ್ಲರಿಗೂ ಅವರು ಹಲ್ ಡಾಕ್ಟ್ರು. ಅವರು ಬಂದದ್ದರಿಂದ ಮನೆಯ ಮುಂದಿನ ತುದಿಯೂ ಕೆಟ್ಟಿತು. ಹಿಂದಿನಿಂದ ಹುಳದ ವಾಸನೆ, ಮುಂದಿನಿಂದ ಲವಂಗದೆಣ್ಣೆ, ಸ್ಪಿರಿಟ್ಟು, ಬಾಯಿ ಹುಣ್ಣಾದವರ ಉಸಿರು. ಗಾಜಿನ ಕಪಾಟಿನಲ್ಲಿ ಗುಲಾಬಿ ವಸಡಿನ ಹಲ್ಲಿನ ಸೆಟ್ಟುಗಳು ಸಾಲಾಗಿ ಕೂತು ಸ್ಕೂಲಿಗೆ ಹೋಗುವ ನನ್ನನ್ನು ನೋಡಿ ಹಲ್ಲು ಕಿರಿಯುತ್ತಿದ್ದವು. ರೋಗಿಗಳು ಉಗಿದ ರಕ್ತದ ನೀರು ಪೈಪಿನಲ್ಲಿ ನಮ್ಮ ಅಂಗಳದ ಚರಂಡಿಗೇ ಬರುತ್ತಿತ್ತು. ಅದಕ್ಕೆ ಅಜ್ಜಿಗೂ ಡಾಕ್ಟರಿಗೂ ವಾರಕ್ಕೊಮ್ಮೆ ಜಗಳ.

“ಊರೋರ ಎಂಜ್ಲೆಲ್ಲಾ ನಮ್ ಅಂಗಳಕ್ಕೆ ಬಿಡ್ತೀಯಲ್ಲಪ್ಪ, ಇದು ಮನೇನಾ ಏನು?”

“ನಿಮ್ ಹುಳದ್ ನೀರು ಹೋಗೋ ಚರಂಡಿ ತಾನೆ ಅಜ್ಜಿ. ಅದರ ಜೊತೆ ಇದೂ ಹೋಗ್ಲಿ ಬಿಡಿ.”

“ಹುಳದ್ದು ಎಂಜ್ಲಲ್ಲ.”

ಡಾಕ್ಟರು ನಗುತ್ತಿದ್ದರು. ಅಜ್ಜಿ ನಗುತ್ತಿರಲಿಲ್ಲ. ಆದರೆ ಅವರ ಮೇಲ್ದವಡೆಯ ಸೆಟ್ಟು ಮಾಡಿಕೊಟ್ಟದ್ದು ಅದೇ ಡಾಕ್ಟರು, ಹಾಗಾಗಿ ಜಗಳ ಒಂದು ಮಟ್ಟ ಮೀರುತ್ತಿರಲಿಲ್ಲ.

ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಡಾಕ್ಟರು ಕೊಳಲು ಊದುತ್ತಿದ್ದರು. ನಮ್ಮ ಕೊಳಲಿನಂತೆಯೇ ಬಿದಿರಿನದು, ಅಡ್ಡ ಹಿಡಿಯುವುದು. ಆದರೆ ಮೈಮೇಲೆ ಅಲ್ಲಲ್ಲಿ ಕಪ್ಪು ದಾರ ಬಿಗಿದು ಮೆರುಗೆಣ್ಣೆ ಹಚ್ಚಿತ್ತು, ತುದಿಯಲ್ಲಿ ಕೆಂಪು ಕುಚ್ಚು. ಬಾಯಿಡುವ ತೂತಿಗೂ ಬೆರಳಿಡುವ ಆರು ತೂತುಗಳಿಗೂ ನಡುವೆ ಇನ್ನೊಂದು ತೂತು. ಅದರ ಮೇಲೆ ಈರುಳ್ಳಿಯ ಒಳಪೊರೆಗಿಂತ ತೆಳ್ಳಗಿನ ಪೊರೆಯೊಂದನ್ನು ಅಂಟಿಸಿರುತ್ತಿದ್ದರು. ಊದಿದರೆ ಆ ಪೊರೆ ಅದುರುತ್ತಿತ್ತು. ಸ್ವರಕ್ಕೆ ಒಂದು ಝೇಂಕಾರ ಸೇರಿಕೊಳ್ಳುತ್ತಿತ್ತು, ಒಳಗೆ ಯಾರೋ ಅಳುವುದನ್ನು ತಡೆದುಕೊಂಡು ಹಾಡುತ್ತಿದ್ದಾರೆ ಅನ್ನಿಸುವಂಥದ್ದು. ಹುಳ, ರಕ್ತ, ಎಂಜಲು ಬಿಟ್ಟರೆ ಬೇರೇನೂ ಇಲ್ಲದ ಆ ಮನೆಯಲ್ಲಿ ನನಗೆ ಹೇಸಿಗೆಯಾಗದ ವಸ್ತು ಅದೊಂದೇ. ನನಗೆ ಅದು ಬೇಕೇ ಬೇಕು ಅನ್ನಿಸಿತು. ಬಾಗಿಲಲ್ಲಿ ನಿಂತು ನಿಂತು ಒಂದು ದಿನ ಕೇಳಿಬಿಟ್ಟೆ.

“ನಂಗೂ ಹೇಳ್ಕೊಡ್ತೀರಾ ಡಾಕ್ಟ್ರೇ?”

“ಹಲ್ಲುಜ್ಜಿದ್ಯಾ?”

“ಬೆಳಿಗ್ಗೆ ಉಜ್ಜಿದೀನಿ.”

“ಈಗ ಉಜ್ಜಿ ಬಾ. ಇದು ನಮ್ಮಪ್ಪಂದು. ಇರೋದೊಂದೇ.”

ಹೀಗೆ ಕಲಿಕೆ ಶುರುವಾಯಿತು. ಡಾಕ್ಟರು ಮೊದಲು ಒಂದು ಸ್ವರ ಊದುತ್ತಿದ್ದರು. ಆಮೇಲೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಬಾಯಿಡುವ ತೂತನ್ನು ಸುತ್ತ ಒರೆಸಿ, ಗಾಳಿಗೆ ಆರಿಸಿ ನನ್ನ ಕೈಗೆ ಕೊಡುತ್ತಿದ್ದರು. ಆ ಸ್ಪಿರಿಟ್ಟಿನ ಘಾಟು ಇಲ್ಲದಿದ್ದರೆ ನಾನು ಅದಕ್ಕೆ ತುಟಿ ಇಡುತ್ತಿರಲಿಲ್ಲ. ಇಟ್ಟರೂ ಬರುತ್ತಿದ್ದದ್ದು ಬರೀ ಗಾಳಿ. ಫೂ ಅಂದರೆ ಫೂ. ಒಂದು ತಿಂಗಳು ದಿನವೂ ಫೂ. ತಲೆ ಸುತ್ತುತ್ತಿತ್ತು, ಗಲ್ಲದ ಮೇಲೆ ನನ್ನದೇ ಜೊಲ್ಲು ಇಳಿಯುತ್ತಿತ್ತು. ಪೊರೆ ಹರಿದರೆ ಹೊಸದು ಅಂಟಿಸಬೇಕು. ಜೊಂಡಿನ ಒಳಗಿನಿಂದ ತೆಗೆದ ಆ ಪೊರೆ ಕಲ್ಕತ್ತದಿಂದ ಅವರ ಅಣ್ಣ ಕಳಿಸುವ ಲಕೋಟೆಯಲ್ಲಿ ಬರುತ್ತಿತ್ತು. ಅಂಟಿಗೆ ಬೆಳ್ಳುಳ್ಳಿ. ಎಸಳನ್ನು ಕತ್ತರಿಸಿ ತೂತಿನ ಸುತ್ತ ಉಜ್ಜಿ, ಪೊರೆಯನ್ನು ಸಣ್ಣ ಸುಕ್ಕು ಬರುವಂತೆ ಎಳೆದು ಕೂರಿಸುತ್ತಿದ್ದರು. ಊದುವಾಗ ಬೆಳ್ಳುಳ್ಳಿ ನಾತ ಮೂಗಿನ ಕೆಳಗೇ. ಚಂದದ ಒಂದು ವಸ್ತು ಸಿಕ್ಕಿತು ಅಂದರೆ ಅದಕ್ಕೂ ನಾತ ಅಂಟಿಯೇ ಬರಬೇಕಾ ಅಂತ ನನಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ಅಣ್ಣ ಸತ್ತರೆಂದು ತಂತಿ ಬಂದು ಡಾಕ್ಟರು ಕಲ್ಕತ್ತಕ್ಕೆ ಹೊರಟರು. ಹೋಗುವಾಗ ಕೊಳಲನ್ನು ಬಟ್ಟೆಯಲ್ಲಿ ಸುತ್ತಿ ನನಗೆ ಕೊಟ್ಟರು. ಸುಮ್ಮನಿದ್ದರೆ ಬಿದಿರು ಒಣಗುತ್ತದೆ, ದಿನಾ ಊದುತ್ತಿರು, ಬಿಸಿಲಿಗೆ ಇಡಬೇಡ ಎಂದರು. ಸ್ಪಿರಿಟ್ಟಿನ ಸೀಸೆ ಬೀಗ ಹಾಕಿದ ಕೋಣೆಯೊಳಗೇ ಉಳಿಯಿತು. ನಾನು ಅಂಗಳದ ಕಟ್ಟೆಯ ಮೇಲೆ ಕೂತು ಫೂ ಫೂ ಅನ್ನುತ್ತಿದ್ದೆ. ಶೆಡ್ಡಿನ ಹೆಂಗಸರು ಎಳೆ ಹಿಡಿಯುತ್ತಲೇ ಮುಸಿಮುಸಿ ನಗುತ್ತಿದ್ದರು. ಅವರಲ್ಲಿ ನರಸಮ್ಮ ಎಲ್ಲರಿಗಿಂತ ಕೈಚುರುಕಿನವಳು. ಎಷ್ಟು ಕೆಟ್ಟ ಗೂಡು ಕೊಟ್ಟರೂ ಅವಳ ಹಂಡೆಯಲ್ಲಿ ಎಳೆ ತುಂಡಾಗುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅವಳ ಕೈ ಮಾತ್ರ ನನಗೆ ನೋಡಲಾಗುತ್ತಿರಲಿಲ್ಲ. ದಿನವಿಡೀ ಬಿಸಿನೀರಿನಲ್ಲಿ ಆಡಿ ಆಡಿ ಬೆರಳ ತುದಿಗಳು ಬೆಳ್ಳಗೆ ಊದಿ, ಸಂದಿಗಳಲ್ಲಿ ಚರ್ಮ ಸುಲಿದಿರುತ್ತಿತ್ತು. ಎಲೆ ಅಡಿಕೆ ಹಾಕುತ್ತಿದ್ದಳು, ಬಾಯಿ ಸದಾ ಕೆಂಪು. ಒಂದು ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದು ಬಂದವಳು ನನ್ನ ಮುಂದೆ ನಿಂತಳು.

“ಎಲ್ಲಿ ಪಾಪಾ, ಒಂದ್ಸಲ ಕೊಡು. ನೋಡಣ.”

ನಾನು ಕೊಟ್ಟೆ. ಯಾಕೆ ಕೊಟ್ಟೆ ಅಂದರೆ, ಅವಳಿಗೂ ಬರೀ ಗಾಳಿಯೇ ಬರಲಿ, ಎಲ್ಲರೂ ಅವಳನ್ನೂ ನೋಡಿ ನಗಲಿ ಅಂತ. ನರಸಮ್ಮ ಬಾಯಲ್ಲಿದ್ದದ್ದನ್ನು ಚರಂಡಿಗೆ ಉಗಿದು, ಕೊಳಲನ್ನು ಅಡ್ಡ ಹಿಡಿದು, ಒಂದು ಉಸಿರು ಬಿಟ್ಟಳು. ಸ್ವರ ಬಂತು. ಒಂದೇ ಏಟಿಗೆ, ಉದ್ದಕ್ಕೆ, ಪೊರೆ ಝಣಗುಡುವ ಹಾಗೆ ಬಂತು. ಶೆಡ್ಡಿನ ಹೆಂಗಸರು ತಿರುಗಿ ನೋಡಿದರು. ನನಗೆ ಕಿವಿಯವರೆಗೂ ಬಿಸಿಯಾಯಿತು.

“ಚಿಕ್ಕೋಳಿದ್ದಾಗ ಪರಂಗಿ ಎಲೆ ದಂಟು ಊದ್ತಿದ್ವಿ ಪಾಪಾ, ಆಡು ಕಾಯೋವಾಗ. ಅದೇ ಇದು. ನೀನು ಬಾಯಿ ಜಾಸ್ತಿ ತೆರೀತೀಯ. ತುಟಿ ನಗ್ತಾ ಇದ್ದಂಗೆ ಇಟ್ಕೊ, ಊದು.”

ಸೆರಗಿನಿಂದ ತೂತನ್ನು ಒರೆಸಿ ನನ್ನ ಕೈಗಿಟ್ಟು ಅವಳು ಹಂಡೆಗೆ ಹೋದಳು. ಡಾಕ್ಟರು ಒಂದು ತಿಂಗಳು ಹೇಳಿಕೊಟ್ಟರೂ ಬಾರದ್ದನ್ನು ಅವಳು ಒಂದು ಮಾತಿನಲ್ಲಿ ಹೇಳಿಕೊಟ್ಟಿದ್ದಳು. ನಾನು ತುಟಿ ಇಡಲಿಲ್ಲ. ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಉಳಿದಿತ್ತು. ಅದನ್ನೇ ನೋಡುತ್ತ ಕೂತೆ. ಡಾಕ್ಟರ ಎಂಜಲು ಸ್ಪಿರಿಟ್ಟಿನಲ್ಲಿ ಹೋಗುತ್ತಿತ್ತು, ಇದು ಹೋಗುವುದು ಹೇಗೆ? ಇದರ ಮೇಲೆ ನಾನು ಬಾಯಿಡುವುದು ಹೇಗೆ? ಹತ್ತು ವರ್ಷದ ಹುಡುಗಿಗೆ ಇಷ್ಟೊಂದು ಹೇಸಿಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಶೆಡ್ಡಿನ ಗೋಡೆಯ ನಾಲ್ಕು ಮೊಳೆಗಳನ್ನು ತೋರಿಸುತ್ತೇನೆ. ಆದರೆ ಪೂರ್ತಿ ಅಜ್ಜಿಯ ತಲೆಗೆ ಕಟ್ಟುವುದೂ ಸುಳ್ಳಾಗುತ್ತದೆ. ಅವಳಿಗೆ ಸ್ವರ ಬಂದಿರದಿದ್ದರೆ ನನಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ.

ಮಾರನೆಯ ದಿನ ಹೆಂಗಸರು ಅಂಗಳದಾಚೆ ಊಟಕ್ಕೆ ಕೂತಿದ್ದಾಗ ನಾನು ಶೆಡ್ಡಿಗೆ ಹೋಗಿ ಕೊಳಲನ್ನು ಹಂಡೆಗೆ ಹಾಕಿದೆ. ಹತ್ತಿರವಿದ್ದದ್ದು ನರಸಮ್ಮನ ಹಂಡೆ. ನೂರರವರೆಗೆ ಎಣಿಸಿದೆ, ಲೋಟಗಳಿಗೆ ಅಜ್ಜಿ ಎಣಿಸುತ್ತಿದ್ದ ಹಾಗೆ. ಜಾಲರಿಯಲ್ಲಿ ಎತ್ತಿದಾಗ ಪೊರೆ ಇರಲಿಲ್ಲ, ಮೆರುಗೆಣ್ಣೆ ಬೊಬ್ಬೆ ಎದ್ದಿತ್ತು, ಕಪ್ಪು ದಾರ ಬಿಚ್ಚಿಕೊಂಡು ಜೋತಾಡುತ್ತಿತ್ತು, ಒಳಗಿನಿಂದ ಒಂದು ಹುಳ ಜಾರಿ ನನ್ನ ಕಾಲ ಮೇಲೆ ಬಿತ್ತು. ಬೇಗ ಆರಲೆಂದು ಒಲೆಯ ಬಿಸಿ ತಗಡಿನ ಮೇಲೆ ಇಟ್ಟೆ. ಟಕ್ ಅಂತು. ಬಾಯಿಯ ತೂತಿನಿಂದ ಕೊನೆಯ ತೂತಿನವರೆಗೆ ಬಿರುಕು. ಅದನ್ನು ಹಂಡೆಯ ಪಕ್ಕದ ಒದ್ದೆ ಕಸದ ಮೇಲೆ ಎಸೆದು ಓಡಿಹೋಗಿ ಬಚ್ಚಲಿನಲ್ಲಿ ಕಾಲು ತೊಳೆದೆ. ತೊಳೆದು ಮುಗಿಸುವಷ್ಟರಲ್ಲಿ ಶೆಡ್ಡಿನಿಂದ ಅಜ್ಜಿಯ ಗಂಟಲು ಕೇಳಿಸಿತು. ನರಸಮ್ಮ ಕೊಳಲನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅಮ್ಮ ಪಕ್ಕದಲ್ಲಿ ಸೆರಗು ಕಚ್ಚಿಕೊಂಡಿದ್ದರು.

“ನಾನು ಹಾಕಿಲ್ಲ ಅಮ್ಮ. ಬಂದು ನೋಡ್ತೀನಿ, ಇಲ್ಲಿ ಬಿದ್ದಿತ್ತು.”

“ನೀನು ಹಾಕಿಲ್ದೆ ಅದೇ ನಡ್ಕೊಂಡು ಬಂದು ಬಿತ್ತಾ ನಿನ್ ಹಂಡೆಗೆ? ನೆನ್ನೆ ಊದ್ತಿದ್ಯಂತೆ. ಕಂಡೋರ ವಸ್ತು ನಿಂಗ್ಯಾಕೆ?”

ಅಜ್ಜಿ ನನ್ನ ಕಡೆ ತಿರುಗಿದರು.

“ನೀನು ಕೊಟ್ಟಿದ್ದೇನೇ ಅವ್ಳಿಗೆ?”

ಇಷ್ಟು ಹೊತ್ತು ಹುಳ, ಚರಂಡಿ, ಜೊಲ್ಲು ಅಂತ ಬರೆದದ್ದೆಲ್ಲ ಏನೂ ಅಲ್ಲ. ನನ್ನ ಬಾಲ್ಯದಲ್ಲಿ ನಿಜವಾಗಿ ನಾತ ಹೊಡೆಯುವುದು ನಾನು ಆಗ ಹೇಳಿದ ಮಾತು.

“ಇಲ್ಲ ಅಜ್ಜಿ. ಅವ್ಳೇ ತಗೊಂಡ್ಲು.”

ನರಸಮ್ಮ ನನ್ನನ್ನು ನೋಡಿದಳು. ನನ್ನ ಒದ್ದೆ ಕಾಲನ್ನೂ ನೋಡಿದಳು. ನಾಳೆಯಿಂದ ಬರಬೇಡ ಎಂದು ಅಜ್ಜಿ ಹೇಳಿದರು. ಅವಳು ಮೊಳೆಯಿಂದ ತನ್ನ ಲೋಟ ತೆಗೆದು, ತೊಳೆದು, ಮತ್ತೆ ಅಲ್ಲೇ ತೂಗುಹಾಕಿ ಹೊರಟುಹೋದಳು. ನಾನು ಆ ದಿನ ಮೂಗು ಹಿಡಿದುಕೊಳ್ಳದೆ ಊಟ ಮಾಡಿದೆ, ಯಾರೂ ನನ್ನನ್ನು ನೋಡದಿರಲಿ ಅಂತ.

ಡಾಕ್ಟರು ಹದಿನೈದು ದಿನದ ಮೇಲೆ ಬಂದರು, ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು. ಅಪ್ಪನೇ ಕೊಳಲನ್ನು ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟು, ಆಳು ಹೆಂಗಸಿನ ಕೈಯಿಂದ ಹೀಗಾಗಿ ಹೋಯಿತು, ಕ್ಷಮಿಸಬೇಕು ಎಂದರು. ಡಾಕ್ಟರು ಕೊಳಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂಗಿಗೆ ಹಿಡಿದರು. ಅವರ ಕಣ್ಣು ಕೆಂಪಾಗಿತ್ತು, ಅದು ಅಣ್ಣನಿಗೋ ಕೊಳಲಿಗೋ ನನಗೆ ತಿಳಿಯಲಿಲ್ಲ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ನಾನು ಅದೇ ಸುಳ್ಳು ಹೇಳುತ್ತಿದ್ದೆ.

“ಬಿರುಕಿಗೆ ನನ್ ಹತ್ರ ಮೇಣ ಇದೆ, ಸೆಟ್ಟಿಗೆ ಹಾಕೋದು. ಅದರ ಮೇಲೆ ದಾರ ಬಿಗಿದು ಕಟ್ಬೇಕು. ರೇಷ್ಮೇದೇ ಆಗ್ಬೇಕು, ಒಂದ್ ಎಳೆ ಸಡ್ಲ ಆಗ್ಬಾರ್ದು. ನನ್ ಕೈಲಿ ಆಗಲ್ಲ. ನರಸಮ್ಮನ್ನ ಕರೆಸಿ.”

“ಅವ್ಳನ್ನ ಬಿಡ್ಸಿದೀವಿ ಡಾಕ್ಟ್ರೇ,” ಅಂದರು ಅಪ್ಪ.

“ಗೊತ್ತು. ಕರೆಸಿ.”

ಅಪ್ಪನಿಗೂ ಅದೇ ಬೇಕಿತ್ತು. ನರಸಮ್ಮ ಹೋದ ಮೇಲೆ ಅವಳ ಹಂಡೆಯ ಎಳೆ ಗಳಿಗೆಗೊಮ್ಮೆ ತುಂಡಾಗಿ ನೂಲು ಗಂಟುಗಂಟಾಗುತ್ತಿತ್ತು. ಅಜ್ಜಿಯ ಎದುರು ಹೇಳಲು ಧೈರ್ಯ ಇರಲಿಲ್ಲ. ಡಾಕ್ಟರ ನೆಪ ಸಿಕ್ಕಿದ್ದೇ ನನ್ನನ್ನು ಓಡಿಸಿದರು. ಊರಾಚೆಯ ಕಾಲೊನಿಯಲ್ಲಿ ಅವಳ ಮನೆ. ನಾನು ಆ ಕಡೆ ಹೋದದ್ದು ಅದೇ ಮೊದಲು. ಏನೋ ಹೊಲಸು ಕಾಣುತ್ತೇನೆ ಎಂದುಕೊಂಡು ಲಂಗ ಎತ್ತಿ ಹಿಡಿದು ನಡೆದಿದ್ದೆ. ಒಂದೇ ಕೋಣೆ, ಸಾರಿಸಿದ ನೆಲ, ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಅವಳ ಮಗಳ ಸ್ಕೂಲಿನ ಪುಸ್ತಕಗಳು ಸಾಲಾಗಿ. ಹೊಸ್ತಿಲಲ್ಲಿ ನಿಂತು ಉಸಿರು ಎಳೆದೆ. ಏನೂ ವಾಸನೆ ಇರಲಿಲ್ಲ. ಆಗ ನನ್ನ ಲಂಗದಿಂದ, ಜಡೆಯಿಂದ ಹುಳದ ನಾತ ಎದ್ದು ಆ ಕೋಣೆಯನ್ನು ತುಂಬುವುದು ನನಗೇ ಗೊತ್ತಾಯಿತು. ನರಸಮ್ಮನ ಬೆರಳುಗಳ ಬಿಳುಪು ಇಳಿದು ಚರ್ಮ ಕೂಡಿಕೊಳ್ಳುತ್ತಿತ್ತು.

“ಬಿಸ್ಲಲ್ಲಿ ಬಂದಿದೀಯ. ನೀರು ಕುಡಿ ಪಾಪಾ.”

“ಬಾಯಾರಿಕೆ ಇಲ್ಲ.”

ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅವಳು ಲೋಟವನ್ನು ಒಂದು ಕ್ಷಣ ಹಿಡಿದಿದ್ದು, ಬಾಗಿಲ ಪಕ್ಕದ ದಾಸವಾಳದ ಬುಡಕ್ಕೆ ಸುರಿದಳು. ಡಾಕ್ಟರು ಕರೆದದ್ದನ್ನು ಹೇಳಿದೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಮತ್ತೆ ಸಿಗಲಿಲ್ಲ. ದಾರಿಯುದ್ದಕ್ಕೂ ಅವಳು ಮುಂದೆ, ನಾನು ಹಿಂದೆ. ಹೇಳಲಿಲ್ಲ.

ಅಂಗಳದ ಕಟ್ಟೆಯ ಮೇಲೆ ರಿಪೇರಿ ನಡೆಯಿತು. ಅಜ್ಜಿ ಪಡಸಾಲೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಮುಖ ಗಂಟಿಕ್ಕಿಕೊಂಡು ಕೂತರು. ಡಾಕ್ಟರು ಗುಲಾಬಿ ಮೇಣವನ್ನು ಕಾಯಿಸಿ, ಹಲ್ಲು ಕೆರೆಯುವ ಸಲಾಕೆಯಿಂದ ಬಿರುಕಿಗೆ ತುಂಬಿದರು. ನರಸಮ್ಮ ಒದ್ದೆ ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಬೆರಳಿಗೆ ಸುತ್ತಿ, ಎಳೆಗೆ ಎಳೆ ಒತ್ತಿಕೊಂಡು ಕೂರುವ ಹಾಗೆ ಕೊಳಲಿನ ಮೈಗೆ ಬಿಗಿದಳು. ಒಂದು ಗಂಟೆ ಹಿಡಿಯಿತು. ಆಮೇಲೆ ಪೊರೆಯ ಮಾತು ಬಂತು. ಪೊರೆ ಕಳಿಸುತ್ತಿದ್ದ ಅಣ್ಣನೇ ಹೋದ ಮೇಲೆ ಡಾಕ್ಟರ ಹತ್ತಿರ ಒಂದು ಚೂರೂ ಉಳಿದಿರಲಿಲ್ಲ. ಕಾಗದ ಹಚ್ಚಿ ನೋಡಿದರು, ಈರುಳ್ಳಿ ಪೊರೆ ಹಚ್ಚಿ ನೋಡಿದರು, ಅದುರಲಿಲ್ಲ. ಅಷ್ಟೂ ಹೊತ್ತು ನೋಡುತ್ತಿದ್ದ ನರಸಮ್ಮ ಎದ್ದು ಶೆಡ್ಡಿಗೆ ಹೋಗಿ, ಎಳೆ ಮುಗಿದ ಒಂದು ಗೂಡನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು. ಎಳೆಯೆಲ್ಲ ಬಿಚ್ಚಿದ ಮೇಲೂ ಹುಳದ ಸುತ್ತ ಒಂದು ತೆಳು ಪೊರೆ ಉಳಿದಿರುತ್ತದೆ. ನಾವು ಅದನ್ನು ಹುಳದ ಜೊತೆಗೇ ಗುಡ್ಡೆಗೆ ಎಸೆಯುತ್ತಿದ್ದೆವು. ಉಗುರಿನಿಂದ ಅದನ್ನು ಸೀಳಿ, ಹುಳವನ್ನು ಹಿಂಡಿ ಹೊರಗೆ ಹಾಕಿ, ಪೊರೆಯನ್ನು ಎರಡು ಬೆರಳಲ್ಲಿ ಬೆಳಕಿಗೆ ಹಿಡಿದಳು. ಅದರ ಮೂಲಕ ಅವಳ ಬೆರಳ ಗೆರೆಗಳು ಕಾಣುತ್ತಿದ್ದವು.

“ಇದು ನೋಡಿ ಡಾಕ್ಟ್ರೇ, ಆಗತ್ತಾ?”

ಡಾಕ್ಟರು ಅದನ್ನು ತುಟಿಯಲ್ಲಿ ಒದ್ದೆ ಮಾಡಿ, ಬೆಳ್ಳುಳ್ಳಿ ಉಜ್ಜಿದ ತೂತಿನ ಮೇಲೆ ಎಳೆದು ಕೂರಿಸಿದರು. ನಾನು ಮೂಗು ಹಿಡಿದುಕೊಂಡೆ. ಅವರು ಊದಿದರು. ಮೊದಲಿನ ಸ್ವರವಲ್ಲ ಅದು. ಸ್ವಲ್ಪ ದಪ್ಪ, ಸ್ವಲ್ಪ ಒರಟು, ಆದರೆ ಆ ಝೇಂಕಾರ ಇತ್ತು. ಅಜ್ಜಿ ಕೂಡ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಡಾಕ್ಟರು ನಗುತ್ತ ಕೊಳಲನ್ನು ನರಸಮ್ಮನ ಮುಂದೆ ಹಿಡಿದರು.

“ನೀವೇ ಉಳಿಸಿದ್ದು. ಊದಿ ನೋಡಿ.”

ನರಸಮ್ಮ ಕೈ ಚಾಚಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಡಾಕ್ಟರನ್ನು ಬಿಟ್ಟು ನನ್ನನ್ನು ನೋಡುತ್ತ ಮೆಲ್ಲಗೆ ಹೇಳಿದಳು.

“ಬೇಡ ಡಾಕ್ಟ್ರೇ. ನಾನು ಊದಿದ್ರೆ ಈ ಪಾಪ ಮತ್ತೆ ಕುದಿಸ್ಬೇಕಾಗತ್ತೆ.”

ಶೆಡ್ಡಿನಲ್ಲಿ ಹಂಡೆ ಕುದಿಯುವ ಸದ್ದು ಕೇಳಿಸುತ್ತಿತ್ತು. ಅಮ್ಮ ನನ್ನನ್ನು ನೋಡಿ ತಲೆ ತಗ್ಗಿಸಿದರು. ಅಪ್ಪ ಗೋಡೆಯ ಮೊಳೆಗಳನ್ನು ನೋಡಿದರು. ಇನ್ನೇನು ಕೆನ್ನೆಗೆ ಬೀಳುತ್ತದೆ ಎಂದು ನಾನು ಕಾದೆ, ಬೀಳಲಿ ಎಂದೂ ಬಯಸಿದೆ. ಬೀಳಲಿಲ್ಲ. ಅಜ್ಜಿ ಎದ್ದು, ಚರಂಡಿ ಕಟ್ಟಿಕೊಂಡಿದೆ, ಯಾರಾದರೂ ನೋಡಬಾರದಾ ಎಂದು ಬಯ್ಯುತ್ತ ಒಳಗೆ ಹೋದರು. ಅಷ್ಟೇ. ತಪ್ಪಾಯಿತು ಎಂದು ನಮ್ಮ ಮನೆಯವರು ಯಾರೂ ನರಸಮ್ಮನಿಗೆ ಹೇಳಲಿಲ್ಲ. ನಾಳೆಯಿಂದ ಬಾ ಎಂದು ಅಪ್ಪ ಹೇಳಿದರು, ಅವಳು ಬಂದಳು. ಲೋಟ ಅದೇ ಮೊಳೆಯಲ್ಲಿತ್ತು. ಶನಿವಾರ ಅದನ್ನು ಅಜ್ಜಿ ಕುದಿಸಿದರು.

ಕೊಳಲು ನನಗೆ ಬಂತು, ಅಂದರೆ ಊದಲು ಬಂತು. ತುಟಿ ನಗುತ್ತಿರುವ ಹಾಗೆ ಇಟ್ಟುಕೊಂಡರೆ ಬರುತ್ತದೆ. ನಾನು ಹೈಸ್ಕೂಲು ಮುಗಿಸುವ ವೇಳೆಗೆ ಡಾಕ್ಟರು ಗೌರಿಬಿದನೂರಿಗೆ ಅಂಗಡಿ ಬದಲಾಯಿಸಿದರು, ಹೋಗುವಾಗ ಕೊಳಲನ್ನು ನನಗೇ ಕೊಟ್ಟರು. ಬೇಡವೆನ್ನಬೇಕಿತ್ತು, ಅನ್ನಲಿಲ್ಲ. ಈಗ ನನಗೂ ಮೊಮ್ಮಕ್ಕಳಿದ್ದಾರೆ. ನಮ್ಮ ಶೆಡ್ಡು ಇಲ್ಲ, ಊರಿಗೆ ನೂಲು ತೆಗೆಯುವ ಚೀನಾದ ಮಿಷನ್ನುಗಳು ಬಂದಿವೆ, ಮೊಬೈಲಿನಲ್ಲಿ ಒತ್ತಿದರೆ ಜೊಂಡಿನ ಪೊರೆಯೂ ಮನೆ ಬಾಗಿಲಿಗೆ ಬರುತ್ತದೆ. ನಾನು ತರಿಸುವುದಿಲ್ಲ. ಪೊರೆ ಹರಿದಾಗ ಪರಿಚಯದವರ ಮಿಷನ್ನಿಗೆ ಹೋಗಿ ಎಳೆ ಮುಗಿದ ಗೂಡು ಕೇಳಿ ತಂದು, ಉಗುರಿನಿಂದ ಸೀಳಿ, ಹುಳ ಹಿಂಡಿ, ನಾನೇ ಅಂಟಿಸುತ್ತೇನೆ. ಪ್ರತಿ ಸಲವೂ ಓಕರಿಕೆ ಬರುತ್ತದೆ. ಬರಲಿ ಎಂದೇ ಮಾಡುತ್ತೇನೆ.

ಹೋದ ವರ್ಷ ನರಸಮ್ಮನನ್ನು ನೋಡಲು ಹೋದೆ. ಅವಳ ಮಗಳು ಚಿಕ್ಕಬಳ್ಳಾಪುರದಲ್ಲಿ ಕಾಲೇಜಿನ ಪ್ರಿನ್ಸಿಪಾಲಾಗಿ ರಿಟೈರಾಗಿದ್ದಾಳೆ, ಮನೆ ಅಲ್ಲೇ. ನರಸಮ್ಮನಿಗೆ ಎಂಬತ್ತು ದಾಟಿದೆ, ಬಾಯಲ್ಲಿ ಒಂದು ಹಲ್ಲಿಲ್ಲ. ಕಿವಿ ಚುರುಕಾಗಿದೆ. ಈ ಸಲ ಅವರ ಮನೆಯಲ್ಲಿ ನೀರು ಕೊಟ್ಟಾಗ ಕುಡಿದೆ, ಎರಡು ಲೋಟ. ಅದೇನೋ ದೊಡ್ಡ ಸಾಧನೆ ಅನ್ನುವ ಹಾಗೆ ಕುಡಿದೆ. ನನಗೆ ನನ್ನ ಮೇಲೇ ಥೂ ಅನ್ನಿಸಿತು. ಆಮೇಲೆ ಚೀಲದಿಂದ ಕೊಳಲು ತೆಗೆದು ಅವಳ ತೊಡೆಯ ಮೇಲಿಟ್ಟು, ಐವತ್ತು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಹೇಳಿದೆ.

“ಅವತ್ತು ನಾನೇ ಕೊಟ್ಟಿದ್ದು ನಿಂಗೆ. ನಾನೇ ಕುದಿಸಿದ್ದು. ಸುಳ್ಳು ಹೇಳ್ಬಿಟ್ಟೆ.”

“ಅದನ್ನ ನಂಗ್ಯಾಕೆ ಹೇಳ್ತೀಯಮ್ಮ, ನಂಗೆ ಗೊತ್ತಿರೋದೇ. ನಿಮ್ಮಜ್ಜಿಗೆ ಹೇಳ್ಬೇಕಿತ್ತು.”

ಅವಳು ತಾನೇ ಕಟ್ಟಿದ್ದ ರೇಷ್ಮೆ ದಾರದ ಮೇಲೆ ಬೆರಳಾಡಿಸಿದಳು. ಒಂದು ಎಳೆಯೂ ಸಡಿಲವಾಗಿರಲಿಲ್ಲ. ಊದು ಅಂದೆ. ಹಲ್ಲಿಲ್ಲ, ಗಾಳಿ ನಿಲ್ಲುವುದಿಲ್ಲ ಎನ್ನುತ್ತಲೇ ಅಡ್ಡ ಹಿಡಿದಳು. ಬೊಚ್ಚು ಬಾಯಿಯ ಸಂದಿಯಿಂದ ಗಾಳಿ ಸೋರಿ ಫೂ ಅಂತು. ಇನ್ನೊಮ್ಮೆ ಫೂ ಅಂತು. ಗಲ್ಲದ ಮೇಲೆ ಜೊಲ್ಲಿಳಿಯಿತು. ಅವಳಿಗೇ ನಗು ಬಂದು ಕೊಳಲನ್ನು ನನಗೆ ಚಾಚಿದಳು, ಈ ಸಲ ಒರೆಸದೆ. ತೆಗೆದುಕೊಂಡೆ. ತೂತಿನ ಅಂಚು ಒದ್ದೆಯಾಗಿತ್ತು. ನನಗೆ ಗೊತ್ತಿಲ್ಲದೆ ನನ್ನ ಎಡಗೈ ಸೆರಗಿನ ತುದಿಯನ್ನು ಹಿಡಿದು ಅರ್ಧ ದೂರ ಬಂದಿತ್ತು. ನಿಲ್ಲಿಸಿದೆ. ನಿಲ್ಲಿಸುವಷ್ಟರಲ್ಲಿ ಅವಳು ನೋಡಿದ್ದಳು.

“ಒರೆಸ್ಕೊಳಮ್ಮ,” ಅಂದಳು ನರಸಮ್ಮ. “ಒರೆಸ್ಕೊಂಡೇ ಊದು.”